ಎರಡರಿಂದ ಎಂಟು ಡಿಗ್ರಿಯೊಳಗೆ ನನ್ನ ಬಾಳು

ನಾನೊಂದು ಫ್ರಿಜ್ಜು. ಒಂದೇ ಬಾಗಿಲಿನವನು, ನೂರ ಅರವತ್ತೈದು ಲೀಟರಿನವನು, ಹುಟ್ಟುವಾಗ ದಾಳಿಂಬೆ ಬಣ್ಣದವನು. ಈಗ ಯಾವ ಬಣ್ಣ ಎಂದು ಕೇಳಬೇಡಿ. ವಯಸ್ಸಾದವರನ್ನು ಹಾಗೆಲ್ಲ ಕೇಳಬಾರದು.

ಹುಟ್ಟಿದ್ದು ಉತ್ತರದ ಕಡೆಯ ಒಂದು ಕಾರ್ಖಾನೆಯಲ್ಲಿ. ಗಂಟೆಗೆ ನನ್ನಂಥವರು ನಲವತ್ತು ಜನ ಹುಟ್ಟುತ್ತಿದ್ದೆವು, ಹಾಗಾಗಿ ಮುದ್ದುಗಿದ್ದು ಏನೂ ಸಿಗಲಿಲ್ಲ. ಒಬ್ಬ ಬಂದು ಬೆನ್ನಿಗೆ ಕಂಪ್ರೆಸರ್ ಕೂರಿಸಿದ. ಇನ್ನೊಬ್ಬ ಹೊಟ್ಟೆಯೊಳಗೆ ಬಲ್ಬು ಹಾಕಿದ. ಮೂರನೆಯವನು ನನ್ನ ಬಾಗಿಲನ್ನು ಹತ್ತು ಸಲ ತೆಗೆದು ಹತ್ತು ಸಲ ಬಡಿದು, ಪಾಸು ಎಂದು ಚೀಟಿ ಅಂಟಿಸಿದ. ಬಾಗಿಲು ಮುಚ್ಚಿದ ಮೇಲೆ ಒಳಗಿನ ಬಲ್ಬು ಆರುತ್ತದೋ ಇಲ್ಲವೋ ಎಂದು ನಿಮ್ಮಲ್ಲಿ ಬಹಳ ಜನಕ್ಕೆ ಅನುಮಾನವಿದೆಯಂತೆ. ಆರುತ್ತದೆ ಸ್ವಾಮಿ. ಆದರೆ ಕಿವಿ ತೆರೆದೇ ಇರುತ್ತದೆ. ನಿಮ್ಮ ಮನೆಯ ಫ್ರಿಜ್ಜಿನ ಮುಂದೆ ಮಾತಾಡುವಾಗ ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನ ಮೊದಲ ಯಜಮಾನರು ಸಹಕಾರಿ ಬ್ಯಾಂಕಿನ ಗುಮಾಸ್ತರು, ಶೇಷಗಿರಿರಾಯರು. ಆ ಕಾಲದ ನಮಗೆಲ್ಲ ಬಾಗಿಲಿಗೆ ಬೀಗವಿರುತ್ತಿತ್ತು. ರಾಯರಿಗೆ ನನ್ನಲ್ಲಿ ಬಹಳ ಹಿಡಿಸಿದ್ದು ಅದೊಂದೇ. ಬೀಗದ ಕೈಯನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಜನಿವಾರ ಗಿಡ್ಡ, ನನ್ನ ಬೀಗ ಕೆಳಗೆ. ಹಾಗಾಗಿ ಒಂದು ಲೋಟ ಮಜ್ಜಿಗೆ ಬೇಕಾದರೂ ರಾಯರು ನನ್ನೆದುರು ಸೊಂಟ ಬಗ್ಗಿಸಿ ತಲೆ ತಗ್ಗಿಸಿ ನಿಲ್ಲಬೇಕಿತ್ತು. ದಿನಕ್ಕೆ ಹತ್ತು ಸಲ. ಮ್ಯಾನೇಜರಿಗೂ ಅಷ್ಟು ಸಲ ಬಗ್ಗಿದವರಲ್ಲ ಅವರು. ನನ್ನ ತಲೆ ತಿರುಗಿದ್ದು ಅಲ್ಲೇ ಇರಬೇಕು, ಸ್ವಲ್ಪ ಜಂಬದ ಸ್ವಭಾವ ಆಗಲೇ ಬಂತು.

ರಾಯರಿಗೆ ಬೇರೆ ಊರಿಗೆ ವರ್ಗವಾದಾಗ ನನ್ನನ್ನು ಕೊಂಡವರು ದನದ ಡಾಕ್ಟರು, ಪರಮೇಶ್ವರ ನಾಯ್ಕರು. ಅಲ್ಲಿ ನನ್ನ ಹೊಟ್ಟೆಯಲ್ಲಿ ಮಜ್ಜಿಗೆಯ ಜಾಗಕ್ಕೆ ಲಸಿಕೆಗಳು ಬಂದವು. ಕಾಲುಬಾಯಿ ರೋಗದ್ದು, ಹುಚ್ಚುನಾಯಿ ಕಡಿತದ್ದು. ನಾಯ್ಕರು ನನ್ನೊಳಗೆ ಒಂದು ಥರ್ಮಾಮೀಟರು ತೂಗುಹಾಕಿ, ತಮ್ಮ ಕಾಂಪೌಂಡರಿಗೆ ಪ್ರತಿ ದಿನ ಬೆಳಿಗ್ಗೆ ಒಂದೇ ಮಾತು ಹೇಳುತ್ತಿದ್ದರು: "ಎರಡರಿಂದ ಎಂಟು ಡಿಗ್ರಿ. ಕೆಳಗೂ ಬೇಡ, ಮೇಲೂ ಬೇಡ. ಐಸ್ ಪೆಟ್ಟಿಗೆಯೊಳಗೆ ಮಾತ್ರ ಜಪ್ಪಯ್ಯ ಅಂದ್ರೂ ಇಡಬೇಡ. ಹೆಪ್ಪುಗಟ್ಟಿತೋ, ಔಷಧಿ ಸತ್ತ ಹಾಗೇ." ಒಂಬತ್ತು ವರ್ಷ ಕೇಳಿ ಕೇಳಿ ಅದು ನನಗೆ ಬಾಯಿಪಾಠವಾಯಿತು. ದುರದೃಷ್ಟ ನೋಡಿ, ಬಾಯಿಪಾಠವಾಗಿ ಏನು ಬಂತು, ಹೇಳುವುದಕ್ಕೆ ಬಾಯೇ ಇಲ್ಲ.

ನಾಯ್ಕರು ನಿವೃತ್ತರಾದ ಮೇಲೆ ನಾನು ಬಂದು ಬಿದ್ದದ್ದು ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಗಲ್ಲಿಗೆ, ಬಕ್ಕಪ್ಪನ ಬೆಣ್ಣೆ ದೋಸೆ ಹೋಟೆಲಿಗೆ. ಬಕ್ಕಪ್ಪ ಆಗಲೇ ಗೋಡೆಯ ಮೇಲಿನ ಫೋಟೋ ಆಗಿದ್ದರು. ಹೋಟೆಲು ನಡೆಸುತ್ತಿದ್ದವನು ಅವರ ಮಗ ಮುರುಗೇಶ. ದೋಸೆ ಹಾಕುವವನೂ ಅವನೇ. ಗಲ್ಲಾದಲ್ಲಿ ಅವನ ಹೆಂಡತಿ ದಾಕ್ಷಾಯಿಣಿ. ಚಟ್ನಿ, ಪಲ್ಯ, ಬೆಣ್ಣೆ ಇವೆಲ್ಲದರ ಮೇಲೆ ಅವನ ತಾಯಿ ಹಾಲಮ್ಮನ ಆಳ್ವಿಕೆ. ನನ್ನನ್ನು ಇರಿಸಿದ್ದು ಅಡುಗೆಮನೆಗೆ ಹೊಂದಿಕೊಂಡ 'ಫ್ಯಾಮಿಲಿ ರೂಮಿ'ನಲ್ಲಿ. ಫ್ಯಾಮಿಲಿ ರೂಮು ಎಂದರೆ ಒಂದು ಟೇಬಲ್ಲು, ನಾಲ್ಕು ಕುರ್ಚಿ, ಒಂದು ಹಸಿರು ಪರದೆ ಮತ್ತು ನಾನು.

ನನ್ನ ತಲೆಯ ಮೇಲೆ ಹಾಲಮ್ಮ ಬಕ್ಕೇಶ್ವರ ಸ್ವಾಮಿಯ ಫೋಟೋ ಇಟ್ಟರು. ಹೊಟ್ಟೆಯೊಳಗೆ ದಿನಾ ಎಂಟು ಕೆಜಿ ಬೆಣ್ಣೆ ತುಂಬಿದರು. ದೇವರನ್ನು ಹೊತ್ತು ಬೆಣ್ಣೆ ತಿಂದು ನಿಲ್ಲುವ ಕೆಲಸ ಯಾರಿಗುಂಟು ಯಾರಿಗಿಲ್ಲ! ನನಗಂತೂ ಸ್ವರ್ಗವೇ ಸಿಕ್ಕಿದಂತಾಯಿತು.

ಆದರೆ ಒಂದು ವಿಷಯ ನನಗೆ ಬಂದ ವಾರದಲ್ಲೇ ಕಣ್ಣಿಗೆ ಬಿತ್ತು. ಹಾಲಮ್ಮ ಬೆಣ್ಣೆಯನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಸೌಟಿನಲ್ಲಿ ತೆಗೆದು ಬಟ್ಟಲಿಗೆ ಹಾಕುತ್ತಿದ್ದರು, ಅಷ್ಟೇ. ತಿನ್ನುವುದಂತೂ ದೂರದ ಮಾತು. ಊರಿನವರೆಲ್ಲ ಸಾಲು ನಿಂತು ತಿನ್ನುವ ದೋಸೆಯನ್ನು ಅವರು ಒಂದು ದಿನವೂ ಬಾಯಿಗಿಟ್ಟವರಲ್ಲ. ಕೇಳಿದವರಿಗೆ, "ನಂಗೆ ಬೆಣ್ಣೆ ವಾಸ್ನಿ ಆಗಿ ಬರಲ್ಲ ಕಣಮ್ಮ, ತಲಿ ಸುತ್ತತೈತೆ," ಎನ್ನುತ್ತಿದ್ದರು.

ಸುಳ್ಳು! ಶುದ್ಧ ಸುಳ್ಳು! ನಿಜ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ನನ್ನ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ತಲೆಯ ಮೇಲಿನ ಸ್ವಾಮಿಗೆ ಕೈಮುಗಿದು ಅವರು ಹೇಳುತ್ತಿದ್ದದ್ದು ಬೇರೆಯೇ.

"ಬಕ್ಕೇಶಾ, ಅವರಪ್ಪ ಹಂಚಿನ ಮುಂದೇನೇ ಎದಿ ಹಿಡ್ಕಂಡು ಕುಂತೋನು ಏಳ್ಲಿಲ್ಲ. ನಲವತ್ಮೂರು ವರ್ಷ ಏಳು ತಿಂಗ್ಳು. ನನ್ನ ಮಗ ಆ ವಯಸ್ಸು ದಾಟ್ಲಿ. ಅಲ್ಲೀತನಕ ಈ ಬಾಯಿಗೆ ಬೆಣ್ಣಿ ಇಲ್ಲ."

ಗಂಡ ಸತ್ತಾಗ ಮುರುಗೇಶನಿಗೆ ಹದಿನೆಂಟು. ಅಂದು ಹೊತ್ತ ಹರಕೆ ಅದು. ಮಗನಿಗೆ ಹೇಳಿದರೆ ಅವನು ತನ್ನ ಸಾವಿನ ದಿನ ಎಣಿಸುತ್ತ ಕೂರುತ್ತಾನೆಂದು ಅವರು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ ಅನ್ನಿ. ನಾನು ಅಡ್ಡ ನಿಂತಿದ್ದರಿಂದ ಕೇಳಿಸಿತು.

ಮುರುಗೇಶನಿಗೆ ನಲವತ್ತೊಂದಾದಾಗ ಗಲ್ಲಿಯಲ್ಲೊಂದು ಉಚಿತ ತಪಾಸಣಾ ಶಿಬಿರ ನಡೆಯಿತು. ಪುಕ್ಕಟೆ ಎಂದು ಅವನೂ ತೋಳು ಚಾಚಿ ರಕ್ತ ಕೊಟ್ಟು ಬಂದ. ಮೂರು ದಿನದ ಮೇಲೆ ಚೀಟಿ ಬಂತು. ಕೆಟ್ಟ ಕೊಲೆಸ್ಟ್ರಾಲು ನೂರರ ಕೆಳಗಿದ್ದರೆ ಒಳ್ಳೆಯದಂತೆ. ಇವನದು ಇನ್ನೂರ ಅರವತ್ತೆರಡು.

ಇಲ್ಲಿ ಡಾಕ್ಟರ್ ನಸ್ರೀನ್ ಅವರ ಪರಿಚಯ ಮಾಡಿಕೊಡಬೇಕು. ಊರಿನಲ್ಲಿ ಹೃದಯದ ಡಾಕ್ಟರು. ವಾರವೆಲ್ಲ ರೋಗಿಗಳಿಗೆ ಬೆಣ್ಣೆ ಬಿಡಿ, ಕರಿದದ್ದು ಬಿಡಿ ಎಂದು ಹೇಳುವವರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಖಕ್ಕೆ ದುಪಟ್ಟಾ ಅಡ್ಡ ಹಿಡಿದು ನಮ್ಮ ಫ್ಯಾಮಿಲಿ ರೂಮಿಗೆ ಬಂದು, ಹಸಿರು ಪರದೆ ಎಳೆದುಕೊಂಡು, "ಒಂದೇ ಒಂದು ಬೆಣ್ಣೆ ದೋಸೆ," ಎನ್ನುವವರೂ ಅವರೇ. ಯಾವ ರೋಗಿಯ ಕಣ್ಣಿಗೂ ಬೀಳಬಾರದಲ್ಲ! ಮುರುಗೇಶ ಚೀಟಿಯನ್ನು ದೋಸೆಯ ತಟ್ಟೆಯ ಪಕ್ಕದಲ್ಲಿಟ್ಟ. ಅವರು ಓದಿದರು. ಬಾಯಿಗೆ ಹೊರಟ ತುತ್ತು ಹಾಗೇ ನಿಂತಿತು.

"ನಿಮ್ಮ ತಂದೆ ಯಾವ ವಯಸ್ಸಿಗೆ ಹೋದ್ರು, ಮುರುಗೇಶ್?"

"ನಲವತ್ಮೂರಕ್ಕೆ. ನಮ್ಮ ದೊಡ್ಡಪ್ಪ ನಲವತ್ತೊಂದಕ್ಕೆ. ಬೆಣ್ಣಿ ಜಾಸ್ತಿ ಆತೇನ್ರಿ ಮೇಡಂ?"

"ಬೆಣ್ಣೆ ಕಮ್ಮಿ ಮಾಡ್ಲೇಬೇಕು. ಆದ್ರೆ ಇದು ಬರೀ ಬೆಣ್ಣೆಯಿಂದ ಬರೋ ಲೆವೆಲ್ ಅಲ್ಲ, ವಂಶದಲ್ಲೇ ಬಂದಿರೋದು," ಎಂದರು ಡಾಕ್ಟರು. ಆಮೇಲೆ ಸುತ್ತ ನೋಡಿ, ಅವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. "ನಿಮ್ಮ ಲಿವರನ್ನ ಈ ಹೋಟ್ಲು ಅಂದ್ಕೊಳ್ಳಿ. ಎಂಜಲು ತಟ್ಟೆ ಎತ್ತೋರು ಇರ್ತಾರಲ್ಲ, ಹಾಗೆ ಲಿವರಿನಲ್ಲೂ ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಎತ್ತಿ ಹಾಕೋರು ಇರ್ತಾರೆ. ನಿಮ್ಮ ಮನೆತನದಲ್ಲಿ ಆ ಕ್ಲೀನರುಗಳೇ ಕಮ್ಮಿ. ತಟ್ಟೆ ರಾಶಿ ಬೀಳುತ್ತೆ. ರಾಶಿ ಬಿದ್ದು ಬಿದ್ದು ಒಂದು ದಿನ ದಾರೀನೇ ಮುಚ್ಚುತ್ತೆ."

ಮುರುಗೇಶ ಹೊರಗೆ ತೂಗುಹಾಕಿದ್ದ ಅಪ್ಪನ ಫೋಟೋ ಕಡೆ ನೋಡಿದ. ಆಮೇಲೆ ದಾಕ್ಷಾಯಿಣಿಗೆ ಹೇಳಿದ್ದು ಒಂದೇ ಮಾತು: "ಅವ್ವಗೆ ಹೇಳಬ್ಯಾಡ. ಅಪ್ಪನ ನೆನಪಾಗಿ ಕೊರಗತಾಳೆ."

ನೋಡಿದಿರಾ ಇವರ ಕಥೆ? ತಾಯಿ ಮಗನಿಂದ ಮುಚ್ಚಿಡುವುದು, ಮಗ ತಾಯಿಯಿಂದ ಮುಚ್ಚಿಡುವುದು, ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಎಂಟು ಕೆಜಿ ಬೆಣ್ಣೆ ಹೊರುವುದೇ ವಾಸಿ ಎನ್ನಿಸಿತು ನನಗೆ.

ಮೊದಲು ಕೊಟ್ಟದ್ದು ಕೊಲೆಸ್ಟ್ರಾಲು ಇಳಿಸಲು ಎಲ್ಲರಿಗೂ ಕೊಡುವ ಸ್ಟ್ಯಾಟಿನ್ ಮಾತ್ರೆ. ಸಾವಿರಾರು ಜನ ತೊಂದರೆಯಿಲ್ಲದೆ ನುಂಗುತ್ತಾರಂತೆ. ಲೆಕ್ಕವೂ ಚೆನ್ನಾಗಿ ಇಳಿಯಿತು. ಆದರೆ ಮೂರನೇ ತಿಂಗಳಿಗೆ ನಮ್ಮ ಮುರುಗೇಶನ ಬಲತೋಳು ಹಿಡಿದುಕೊಂಡಿತು. ಅದು ಹಿಟ್ಟು ಹುಯ್ಯುವ ತೋಳು, ಹಂಚು ತಿಕ್ಕುವ ತೋಳು, ದಿನಕ್ಕೆ ನಾನೂರು ದೋಸೆ ತಿರುವುವ ತೋಳು! ಹುಯ್ದ ದೋಸೆ ದುಂಡಗೆ ಬರದೆ ಒಂದು ಕಡೆ ಎಳೆದುಕೊಳ್ಳತೊಡಗಿತು. ಗಿರಾಕಿಯೊಬ್ಬ ತಟ್ಟೆ ನೋಡಿ, "ಏನ್ ಮುರುಗೇಶಪ್ಪ, ಶ್ರೀಲಂಕಾ ಮ್ಯಾಪ್ ಕೊಟ್ಟೀಯಲ್ಲ," ಎಂದ. ಡಾಕ್ಟರು ಬೇರೆ ಸ್ಟ್ಯಾಟಿನ್ ಕೊಟ್ಟರು, ಅದರ ಅರ್ಧ ಕೊಟ್ಟರು, ವಾರಕ್ಕೆರಡು ಸಲ ಕೊಟ್ಟು ನೋಡಿದರು. ತೋಳಿನ ನೋವು ಜಗ್ಗಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೇ ದೋಸೆ ಮತ್ತೆ ದುಂಡಗಾದದ್ದು.

ಆಮೇಲೆ ಬಂತು ಎಜೆಟಿಮೈಬ್. ಅದು ಕರುಳಿನ ಬಾಗಿಲಲ್ಲಿ ನಿಂತು ಕೊಲೆಸ್ಟ್ರಾಲನ್ನು ರಕ್ತಕ್ಕೆ ಬಿಡದ ಮಾತ್ರೆಯಂತೆ. ಪಾಪ, ಒಳ್ಳೆಯ ಮಾತ್ರೆ, ಯಾರ ತಂಟೆಗೂ ಹೋಗಲಿಲ್ಲ. ಆದರೆ ಲೆಕ್ಕ ಇನ್ನೂರ ಹತ್ತಕ್ಕೆ ಇಳಿದು ಅಲ್ಲೇ ಕೂತಿತು. ಅದರ ಜೊತೆಗೆ ಬೆಂಪಿಡೋಯಿಕ್ ಆಸಿಡ್ ಎಂಬ ಹೊಸ ಮಾತ್ರೆ ಬಂತು. ಸ್ಟ್ಯಾಟಿನ್ ಮಾಡುವ ಕೆಲಸವನ್ನೇ ಅದು ಲಿವರಿನಲ್ಲಿ ಮಾತ್ರ ಮಾಡುತ್ತದಂತೆ, ಮಾಂಸಖಂಡದ ಗೊಡವೆಗೆ ಹೋಗುವುದಿಲ್ಲವಂತೆ. ನಿಜ, ತೋಳಿಗೆ ಏನೂ ಆಗಲಿಲ್ಲ. ಲೆಕ್ಕವೂ ನೂರ ಎಪ್ಪತ್ತಕ್ಕೆ ಬಂತು. ಮುರುಗೇಶ ಖುಷಿಯಾಗಿದ್ದ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಬಲಗಾಲಿನ ಹೆಬ್ಬೆರಳು ಟೊಮೆಟೊ ಹಾಗೆ ಕೆಂಪಗೆ ಊದಿತ್ತು! ಕೆಲವರಿಗೆ ಅದರಿಂದ ಯೂರಿಕ್ ಆಸಿಡ್ ಏರಿ ಕೀಲು ಊದುತ್ತದಂತೆ. ಆ ಕೆಲವರಲ್ಲಿ ನಮ್ಮವನೂ ಇರಲೇಬೇಕಲ್ಲ! ನಾಲ್ಕು ದಿನ ಒಂದೇ ಕಾಲಿನಲ್ಲಿ ನಿಂತು ದೋಸೆ ಹಾಕಿದ. ಅವ್ವನಿಗೆ, "ಕಟ್ಟಿಗಿ ಬಿತ್ತವ್ವ ಕಾಲ್ ಮ್ಯಾಲೆ," ಎಂದ.

"ಯಾವ ಕಟ್ಟಿಗೀನೋ? ದಿನಾ ಒಂದೊಂದು ಹೊಸಾ ರೋಗ ತರತೀಯಲ್ಲ!" ಎಂದು ಹಾಲಮ್ಮ ಅರಿಸಿನ ಅರೆದು ಹಚ್ಚಿದರು. ಹಚ್ಚಿದ ಮೇಲೆ ಅವರು ಬೆರಳು ಮಡಚಿ ತಿಂಗಳು ಎಣಿಸಿದ್ದು ನನಗೆ ಕಂಡಿತು. ಆಗ ಮುರುಗೇಶನಿಗೆ ನಲವತ್ತೆರಡು ವರ್ಷ ಹತ್ತು ತಿಂಗಳು.

ಕೊನೆಗೆ ಡಾಕ್ಟರ್ ನಸ್ರೀನ್, "ಇನ್ನು ಇಂಜೆಕ್ಷನ್," ಎಂದರು. ಹದಿನೈದು ದಿನಕ್ಕೊಂದು, ಪೆನ್ನಿನ ಆಕಾರದ್ದು, ಮನೆಯಲ್ಲೇ ಹೊಟ್ಟೆಗೆ ಚುಚ್ಚಿಕೊಳ್ಳುವುದು. ಎಜೆಟಿಮೈಬ್ ಜೊತೆಗಿರಲಿ ಎಂದರು. "ಲಿವರಿನಲ್ಲಿ ಒಬ್ಬ ಮೇಸ್ತ್ರಿ ಇದ್ದಾನೆ ಮುರುಗೇಶ್. ಮೊದಲೇ ಇರೋ ನಾಲ್ಕು ಕ್ಲೀನರುಗಳನ್ನೂ ಅವನು ಕೆಲಸದಿಂದ ಬಿಡಿಸ್ತಾ ಇರ್ತಾನೆ. ಈ ಇಂಜೆಕ್ಷನ್ ಹೋಗಿ ಆ ಮೇಸ್ತ್ರೀನ ಹಿಡಿದು ಕಟ್ಟಿ ಹಾಕುತ್ತೆ. ಕ್ಲೀನರುಗಳು ಉಳ್ಕೊತಾರೆ, ತಟ್ಟೆ ಎತ್ತತಾರೆ."

"ಅಂಥ ಮೇಸ್ತ್ರೀನ ಇಟ್ಕಂಡಿದ್ದೇ ತಪ್ಪು," ಎಂದಳು ದಾಕ್ಷಾಯಿಣಿ, ಗಂಡನ ಕಡೆ ನೋಡುತ್ತ.

"ಗಿರಾಕಿಗಳಿಗೆ ಗೊತ್ತಾದ್ರೆ? ಬೆಣ್ಣಿ ದೋಸಿಯವನಿಗೇ ಕೊಲೆಸ್ಟ್ರಾಲ್ ಅಂದ್ರೆ ಹೋಟ್ಲು ಮುಚ್ಚಬೇಕಾಗತೈತೆ," ಎಂದ ಮುರುಗೇಶ.

"ಗಿರಾಕಿಗಳು ಗೊತ್ತಿದ್ದೇ ತಿಂತಾರೆ ಬಿಡ್ರಿ. ಮೇಡಂ ತಿಂತಿಲ್ವಾ?"

ಡಾಕ್ಟರು ಕೆಮ್ಮಿ, ಎರಡನೇ ದೋಸೆ ಬೇಡವೆಂದರು.

ಐಸ್ ಪ್ಯಾಕಿನ ಡಬ್ಬಿಯಲ್ಲಿ ಎರಡು ಪೆನ್ನು ಬಂದ ದಿನ ದಾಕ್ಷಾಯಿಣಿ ಅದರ ಜೊತೆಗಿದ್ದ ಕಾಗದವನ್ನು ಜೋರಾಗಿ ಓದಿದಳು. ಎರಡರಿಂದ ಎಂಟು ಡಿಗ್ರಿ! ಎಷ್ಟು ವರ್ಷದ ಮೇಲೆ ಕೇಳಿದ ಮಾತು! ನಾಯ್ಕರೇ ಎದ್ದು ಬಂದಂತಾಯಿತು ನನಗೆ. ಬಾಗಿಲಿನ ರಬ್ಬರು ಹರಿದಿತ್ತು, ಬೆನ್ನು ಗೊರಗೊರ ಎನ್ನುತ್ತಿತ್ತು, ಆದರೂ ಎದೆ ಸೆಟೆದು ನಿಂತೆ. ಪೆನ್ನುಗಳನ್ನು ಖಾಲಿ ಪೇಡಾ ಡಬ್ಬಿಗೆ ಹಾಕಿ ಬೆಣ್ಣೆಯ ಹಿಂದೆ ಬಚ್ಚಿಟ್ಟರು.

ಮೊದಲ ಸಲ ಚುಚ್ಚುವಾಗ ನೋಡಬೇಕಿತ್ತು ನೀವು. ಕಾದ ಹಂಚಿಗೆ ಬರಿಗೈಯಲ್ಲಿ ನೀರು ಚಿಮುಕಿಸುವ ಗಂಡಸು, ಅಂಗಿ ಮೇಲೆತ್ತಿ ಹೊಟ್ಟೆ ಒಳಗೆಳೆದುಕೊಂಡು, ಹಸಿರು ಪರದೆಯನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದ.

"ಆತಾ? ಆತೇನೇ? ನೋಯ್ತದೇನೇ?"

"ಚುಚ್ಚಿ ತಗದೂ ಆತು. ಪರದೆ ಬಿಡ್ರಿ, ತೊಳೆದ್ ಹಾಕೀನಿ ನಿನ್ನೆ."

ಎರಡು ತಿಂಗಳಾಗುವುದರೊಳಗೆ ಲೆಕ್ಕ ಎಂಬತ್ತನಾಲ್ಕಕ್ಕೆ ಇಳಿಯಿತು. ಗಂಡ ಹೆಂಡತಿ ನನ್ನ ಮುಂದೆ ನಿಂತು ಆ ಚೀಟಿಯನ್ನು ಮೂರು ಸಲ ಓದಿದರು. ಮುರುಗೇಶ ಪೇಡಾ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಬಂತು ನೋಡಿ ಆಯುಧಪೂಜೆ.

ನಮ್ಮ ನಾಡಿನಲ್ಲಿ ಯಂತ್ರಗಳಿಗೆ ವರ್ಷಕ್ಕೊಂದು ರಜೆ. ಬೇರೆ ಯಾವ ದೇಶದಲ್ಲಿ ಈ ಮರ್ಯಾದೆ ಉಂಟು ಹೇಳಿ! ಹೋಟೆಲು ಎರಡು ದಿನ ಮುಚ್ಚಿತ್ತು. ದಾಕ್ಷಾಯಿಣಿ ಹರಪನಹಳ್ಳಿಗೆ ತವರಿಗೆ ಹೋಗಿದ್ದಳು. ಮುರುಗೇಶ ಹೊರಗೆ ಹಂಚು, ರುಬ್ಬುವ ಯಂತ್ರ, ಬೈಕು ತೊಳೆಯುವುದರಲ್ಲಿ ಮುಳುಗಿದ್ದ. ಹಾಲಮ್ಮ ನನ್ನ ಬಳಿ ಬಂದರು. ಬೆಣ್ಣೆ ಆಗಲೇ ಖಾಲಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿದರು. ಹೊಸದಾಗಿ ತರಿಸಿದ ಎರಡು ಪೆನ್ನಿದ್ದ ಪೇಡಾ ಡಬ್ಬಿ ಸಿಕ್ಕಿತು. "ನನಗೆ ಗೊತ್ತಾಗದಂಗೆ ಪೇಡೆ ತಿಂತಾವೆ ಎರಡೂ," ಎಂದು ಬೈದು, ಮುಚ್ಚಳ ತೆಗೆಯದೆ ಅಲ್ಲೇ ಇಟ್ಟರು. ನನಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಆಯಿತು. ಆಮೇಲೆ ಬೆನ್ನ ಹಿಂದೆ ಕೈ ಹಾಕಿದರು.

"ವರ್ಷವೆಲ್ಲ ದುಡಿದೀಯಪ್ಪ. ಎರಡು ದಿನ ಮಲಗು," ಎಂದು ಪ್ಲಗ್ಗು ಕಿತ್ತರು.

ಅಯ್ಯೋ ತಾಯಿ! ನನ್ನ ಹೊಟ್ಟೆಯಲ್ಲಿ ನಿನ್ನ ಮಗನ ಜೀವವಿದೆಯಮ್ಮ! ಎಂದು ಕೂಗಿದೆ. ಎಲ್ಲಿಯ ಕೂಗು, ಕರೆಂಟೇ ಇಲ್ಲ. ಹಾರ ಹಾಕಿಸಿಕೊಂಡು, ಕುಂಕುಮ ಇಟ್ಟುಕೊಂಡು, ಹೊಟ್ಟೆಯೊಳಗೆ ಒಂದೊಂದೇ ಡಿಗ್ರಿ ಏರುವುದನ್ನು ಲೆಕ್ಕ ಹಾಕುತ್ತ ನಿಂತೆ. ಹತ್ತು. ಹದಿನೈದು. ಇಪ್ಪತ್ತು. ಅಂಥ ರಜೆ ನನ್ನ ಶತ್ರುವಿಗೂ ಬೇಡ.

ಮರುದಿನ ವಿಜಯದಶಮಿ. ಮಧ್ಯಾಹ್ನ ಊರಿಂದ ಬಂದ ದಾಕ್ಷಾಯಿಣಿ ನೀರು ಕುಡಿಯಲು ನನ್ನ ಬಾಗಿಲು ತೆಗೆದಳು. ಬಲ್ಬು ಹತ್ತಲಿಲ್ಲ.

"ರೀ!" ಎಂದು ಚೀರಿದಳು. ಮುರುಗೇಶ ಓಡಿ ಬಂದ. ಡಬ್ಬಿ ಮುಟ್ಟಿ ನೋಡಿದ. ಬೆಚ್ಚಗಿತ್ತು. ಫ್ಯಾಮಿಲಿ ರೂಮಿನ ಕುರ್ಚಿಯಲ್ಲಿ ಕುಸಿದು ಕೂತ. ಆ ಪೆನ್ನು ಬೆಂಗಳೂರಿನಿಂದ ತರಿಸಬೇಕಿತ್ತು, ಸುಲಭಕ್ಕೆ ಸಿಗುವಂಥದ್ದೂ ಆಗಿರಲಿಲ್ಲ. ಹೊಸದೊಂದು ಚುಚ್ಚಿಕೊಳ್ಳುವ ದಿನವೂ ನಾಳೆಯೇ.

"ಏನ್ರೋ ಅದು? ಪೇಡೆ ಕೆಟ್ಟಿದ್ದಕ್ಕೆ ಹಿಂಗ್ಯಾಕೆ ಕುಂತೀರಿ?" ಎಂದು ಹಾಲಮ್ಮ ಬಂದರು.

ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ದಾಕ್ಷಾಯಿಣಿಯೇ ಹೇಳಿದಳು. "ಅತ್ತೆ, ಇವರಿಗೂ ಮಾವನಿಗೆ ಇದ್ದದ್ದೇ ಐತೆ. ಅದಕ್ಕೆ ಔಷಧಿ ಇದು. ತಂಪಾಗಿ ಇರಬೇಕಿತ್ತು."

ಹಾಲಮ್ಮ ಡಬ್ಬಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಗೋಡೆ ಹಿಡಿದುಕೊಂಡು ಒಳಗೆ ಹೋದರು. ಗಂಡ ಹೆಂಡತಿ ಡಾಕ್ಟರಿಗೆ ಫೋನು ಹಚ್ಚಿದರು, ಹಬ್ಬದ ದಿನ, ಅವರು ಎತ್ತಲಿಲ್ಲ. ನಾಳೆ ಭಾನುವಾರ, ಹೇಗೂ ದೋಸೆಗೆ ಬರುತ್ತಾರೆಂದು ನನ್ನ ಪ್ಲಗ್ಗು ಸಿಕ್ಕಿಸಿ, ಡಬ್ಬಿ ಇದ್ದಲ್ಲೇ ಇಟ್ಟು, ಹಿಟ್ಟು ರುಬ್ಬಲು ಹೋದರು.

ಅವರು ಹೋದ ಮೇಲೆ ಹಾಲಮ್ಮ ಮತ್ತೆ ಬಂದರು. ಕಣ್ಣು ಕೆಂಪಗಾಗಿತ್ತು. ನನ್ನ ತಂಪಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಡಬ್ಬಿಯಿಂದ ಪೆನ್ನು ತೆಗೆದು, ಸೆರಗಿನಿಂದ ಒರೆಸಿ, ಮೇಲಿನ ಐಸ್ ಪೆಟ್ಟಿಗೆಯ ಕಡೆ ಕೈ ಎತ್ತಿದರು.

"ಎರಡು ದಿನ ಕಾಯ್ದೈತೆ. ಅದಕ್ಕೆ ಎರಡು ಪಟ್ಟು ತಂಪು ಕೊಡು ನನ್ನಪ್ಪ."

ಬೇಡ ಹಾಲಮ್ಮಾ, ಬೇಡ! ಜಪ್ಪಯ್ಯ ಅಂದ್ರೂ ಅಲ್ಲಿಡಬೇಡ! ಎಂದು ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಗಡಗಡ ಅಲುಗಾಡಿದೆ. ತಲೆಯ ಮೇಲಿನ ಸ್ವಾಮಿಯ ಫೋಟೋ ಕೂಡ ಅಲುಗಿತು. ಹಾಲಮ್ಮ ಅದನ್ನು ನೋಡಿ ಕೈಮುಗಿದರು. "ಆಗಲಿ ಅಂದೆಯಾ ಬಕ್ಕೇಶಾ," ಎಂದು ಪೆನ್ನುಗಳನ್ನು ಐಸ್ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದರು.

ಇನ್ನು ನಾನೇನು ಮಾಡಲಿ ಹೇಳಿ!

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಡಾಕ್ಟರ್ ನಸ್ರೀನ್ ಬಂದರು. ವಿಷಯ ಕೇಳಿ ನಕ್ಕರು.

"ಇಷ್ಟಕ್ಕೆ ಈ ಮುಖ ಮಾಡ್ಕೊಂಡಿದೀರಾ? ಎರಡು ದಿನ ರೂಮ್ ಟೆಂಪರೇಚರ್‌ನಲ್ಲಿದ್ರೆ ಈ ಪೆನ್ನಿಗೆ ಏನೂ ಆಗಲ್ಲ. ಬಿಸಿಲಿಗೆ ಬೀಳದೆ ಇದ್ರೆ ಒಂದು ತಿಂಗಳು ಬೇಕಾದ್ರೂ ಹೊರಗಿರುತ್ತೆ. ಫ್ರೀಜ್ ಮಾತ್ರ ಆಗಬಾರದು, ಅಷ್ಟೇ. ಎಲ್ಲಿ, ತನ್ನಿ, ಇವತ್ತಿನದು ನಾನೇ ಚುಚ್ತೀನಿ."

ಮುರುಗೇಶನ ಮುಖಕ್ಕೆ ಜೀವ ಬಂತು. ಡಬ್ಬಿ ತೆಗೆದ. ಖಾಲಿ.

ಪರದೆಯ ಹಿಂದಿನಿಂದ ಹಾಲಮ್ಮನ ದನಿ ಬಂತು. "ಮ್ಯಾಲೆ... ಐಸಿನಾಗ ಇಟ್ಟೀನಿ."

ಕಲ್ಲಾಗಿದ್ದವು ಎರಡೂ. ಡಾಕ್ಟರು ಕೈಗೆ ತೆಗೆದುಕೊಂಡು ನೋಡಿ, ಮೇಜಿನ ಮೇಲಿಟ್ಟರು. ನನಗೆ ರಜೆ ಕೊಟ್ಟರೂ ಕೆಡದಿದ್ದದ್ದು ನನ್ನ ದುಡಿಮೆಯಿಂದಲೇ ಕೆಟ್ಟಿತ್ತು. ನನ್ನಷ್ಟು ನಾಚಿಕೆಪಟ್ಟ ಫ್ರಿಜ್ಜು ಇನ್ನೊಂದಿರಲಿಕ್ಕಿಲ್ಲ.

ಹಾಲಮ್ಮ ನೆಲದ ಮೇಲೆ ಕೂತುಬಿಟ್ಟರು. "ಇಪ್ಪತ್ತೈದು ವರ್ಷ ಬೆಣ್ಣಿ ಬಿಟ್ಟು ನಿನ್ನ ಕಾಯ್ಕಂಡು ಬಂದೆ ಕಣಪ್ಪ. ಇನ್ನ ಐದು ತಿಂಗ್ಳು ಇತ್ತು ನಿಮ್ಮಪ್ಪನ ವಯಸ್ಸು ದಾಟಾಕೆ. ನಾನೇ ಹಾಳ್ ಮಾಡಿದ್ನಲ್ಲೋ, ಈ ಕೈಯಾಗೇ!" ಎಂದು ಅತ್ತರು. ಹರಕೆಯ ವಿಷಯವೆಲ್ಲ ಹೊರಗೆ ಬಿತ್ತು.

ಮುರುಗೇಶ ಬಾಯಿ ತೆರೆದು ನಿಂತ. "ಅವ್ವಾ, ನಿಂಗೆ ಬೆಣ್ಣಿ ವಾಸ್ನಿ ಆಗಲ್ಲ ಅಂತಿದ್ದೆ?"

"ನಿಮ್ಮಪ್ಪನ ದೋಸಿ ತಿಂದೇ ಅವನ್ನ ಮದುವಿ ಆದಾಕಿ ನಾನು! ವಾಸ್ನಿ ಆಗಲ್ವಂತೆ!" ಎಂದು ಅಳುವಿನ ನಡುವೆಯೇ ರೇಗಿದರು ಹಾಲಮ್ಮ.

ಮಗ ತಾಯಿಯ ಪಕ್ಕ ನೆಲದ ಮೇಲೇ ಕೂತ. ಹಂಚಿನ ಮೇಲೊಂದು ದೋಸೆ ಸೀದು ಹೋಯಿತು, ಯಾರೂ ಏಳಲಿಲ್ಲ.

ಡಾಕ್ಟರು ಕಣ್ಣೊರೆಸಿಕೊಂಡು ಹೇಳಿದರು. "ಅಮ್ಮಾ, ಒಂದು ಡೋಸ್ ಒಂದು ವಾರ ತಡವಾದ್ರೆ ನಿಮ್ಮ ಮಗನಿಗೆ ಏನೂ ಆಗಲ್ಲ, ನಾನಿದೀನಿ. ಇನ್ನೊಂದು ಇಂಜೆಕ್ಷನ್ ಬಂದಿದೆ. ಮೇಸ್ತ್ರೀನ ಕಟ್ಟಿ ಹಾಕೋದಲ್ಲ, ಅವನು ಕೆಲಸಕ್ಕೇ ಸೇರದ ಹಾಗೆ ಲಿವರಿನೊಳಗೇ ಅವನ ನೇಮಕಾತಿ ಪತ್ರ ಹರಿದು ಹಾಕೋದು. ಈಗೊಂದು, ಮೂರು ತಿಂಗಳಿಗೊಂದು, ಆಮೇಲೆ ಆರು ತಿಂಗಳಿಗೊಂದೇ. ಆಸ್ಪತ್ರೆಗೆ ಬನ್ನಿ, ನಮ್ಮ ನರ್ಸೇ ಕೊಡ್ತಾರೆ. ನಿಮ್ಮ ಮನೆಗೆ ಅದೇ ಸರಿ. ಅದಕ್ಕೆ ಫ್ರಿಜ್ಜೂ ಬೇಡ."

ಫ್ರಿಜ್ಜೂ ಬೇಡ! ನನ್ನೆದುರಿಗೇ ಹೇಳಿದರು! ಎರಡರಿಂದ ಎಂಟು ಡಿಗ್ರಿ ಎಂದು ಜೀವ ತೇಯ್ದವನು ನಾನು. ವೈದ್ಯಶಾಸ್ತ್ರ ಮುಂದುವರಿಯಲಿ, ಬೇಡ ಎನ್ನುವುದಿಲ್ಲ. ಆದರೆ ಹೇಳುವುದಕ್ಕೊಂದು ರೀತಿ ಇರುತ್ತದಲ್ಲ! ಒಂದು ವಾರ ಮುನಿಸಿಕೊಂಡು ಬೆಣ್ಣೆಯನ್ನು ಬೇಕೆಂದೇ ಗಟ್ಟಿ ಮಾಡಿದೆ.

ಆ ಇಂಜೆಕ್ಷನ್ ನವೆಂಬರಿನಲ್ಲಿ ಒಂದಾಯಿತು, ಫೆಬ್ರುವರಿಯಲ್ಲಿ ಇನ್ನೊಂದಾಯಿತು. ಎರಡು ಸಲವೂ ಹಾಲಮ್ಮ ಮಗನ ಜೊತೆಗೆ ಹೋಗಿ, ನರ್ಸಿನ ಪಕ್ಕ ನಿಂತು, ಸೂಜಿ ಒಳಗೆ ಹೋಗಿ ಹೊರಗೆ ಬರುವವರೆಗೆ ಕಣ್ಣು ಮಿಟುಕಿಸಲಿಲ್ಲವಂತೆ. ಮಾರ್ಚಿನ ಚೀಟಿಯಲ್ಲಿ ತೊಂಬತ್ತೊಂದು ಎಂದಿತ್ತು.

ಯುಗಾದಿ ಕಳೆದು ಮೂರನೇ ದಿನ ಬೆಳಿಗ್ಗೆ ಹಾಲಮ್ಮ ಎಂದಿನಂತೆ ನನಗೆ ವಿಭೂತಿ ಎಳೆದರು. ಸ್ವಾಮಿಗೆ ಕೈಮುಗಿದರು. ಹರಕೆಯ ಮಾತು ಮಾತ್ರ ಅಂದು ಬೇಕಾಗಿರಲಿಲ್ಲ. ಆ ದಿನ ಮುರುಗೇಶನಿಗೆ ನಲವತ್ಮೂರು ವರ್ಷ ಏಳು ತಿಂಗಳ ಮೇಲೆ ಒಂದು ದಿನ. ನನ್ನ ಬಾಗಿಲು ತೆಗೆದರು. ಸೌಟು ಹಿಡಿದಿದ್ದರು, ಅದನ್ನು ಪಕ್ಕಕ್ಕಿಟ್ಟರು. ಬಲಗೈಯ ಐದೂ ಬೆರಳನ್ನು ಬೆಣ್ಣೆಯೊಳಗೆ ಇಳಿಸಿ ಒಂದು ಉಂಡೆ ತೆಗೆದುಕೊಂಡು ಹಂಚಿನ ಹತ್ತಿರ ಹೋದರು.

"ಮುರುಗೇಶಾ, ನಂಗೊಂದು ದೋಸಿ ಹಾಕು."

ಅವನು ಹಾಕಿದ. ಅವ್ವನ ಮುಖ ನೋಡುತ್ತ ಹುಯ್ದದ್ದಕ್ಕೆ ಆ ದೋಸೆಯೂ ಶ್ರೀಲಂಕಾ ಮ್ಯಾಪೇ ಆಯಿತು. ಹಾಲಮ್ಮ ತಾವೇ ಬೆಣ್ಣೆ ಹಾಕಿ, ಫ್ಯಾಮಿಲಿ ರೂಮಿಗೆ ತಂದು, ನನ್ನ ಮುಂದಿನ ಕುರ್ಚಿಯಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟರು. ಮಗ, ಸೊಸೆ ಇಬ್ಬರೂ ಪರದೆ ಹಿಡಿದು ನಿಂತಿದ್ದರು. ಹಾಲಮ್ಮ ಅಗಿದರು, ಕಣ್ಣು ಮುಚ್ಚಿದರು, ಕೆನ್ನೆಯ ಮೇಲೆ ನೀರು ಇಳಿಯಿತು. ನುಂಗಿದರು.

"ಉಪ್ಪು ಕಮ್ಮಿ ಆಗೈತೆ," ಎಂದರು. "ಇಪ್ಪತ್ತೈದು ವರ್ಷದಿಂದ ಜನಕ್ಕೆ ಇದನ್ನೇ ತಿನ್ನಿಸ್ತಾ ಇದ್ದೀಯೇನೋ? ನಿಮ್ಮಪ್ಪ ಹಿಂಗೆ ಹಾಕ್ತಿರಲಿಲ್ಲ."

ಮುರುಗೇಶ ನಗುತ್ತಲೇ ಅತ್ತ.

ಅದಾಗಿ ತಿಂಗಳು ಕಳೆಯುವುದರೊಳಗೆ ನನ್ನ ಕಂಪ್ರೆಸರು ನಿಂತಿತು. ಮೆಕ್ಯಾನಿಕ್ಕು ಬಂದು ಬೆನ್ನು ತಟ್ಟಿ, "ಹಾರ್ಟೇ ಹೋಗೈತೆ," ಎಂದ. ನೋಡಿ ನನ್ನ ಹಣೆಬರಹ! ವಂಶದಲ್ಲಿ ರೋಗವಿದ್ದವನು ಹಂಚಿನ ಮುಂದೆ ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ, ಕೊಲೆಸ್ಟ್ರಾಲಿನ ಗಂಧವೇ ಇಲ್ಲದ ನಾನು ಎದೆ ಒಡೆದು ಸತ್ತೆ. ಗುಜರಿಯವನು ತಕ್ಕಡಿ ತಂದಾಗ ಹಾಲಮ್ಮ ಗದರಿದರು. "ಮುಟ್ಟಬ್ಯಾಡ ಅದನ್ನ. ನನ್ನ ಹರಕಿ ಕೇಳಿಸ್ಕಂಡು ಇಷ್ಟು ವರ್ಷ ಬಾಯಿ ಬಿಡದೆ ಇತ್ತು ಅದು. ಮನುಷ್ಯರು ಇರ್ತಾರೇನು ಹಂಗೆ?"

ಈಗ ಬೆಣ್ಣೆಗೆ ಎರಡು ಬಾಗಿಲಿನ ಹೊಸ ಫ್ರಿಜ್ಜು ಬಂದಿದೆ. ನಾನು ಫ್ಯಾಮಿಲಿ ರೂಮಿನ ಮೂಲೆಯಲ್ಲಿ ಬೀರುವಾಗಿ ನಿಂತಿದ್ದೇನೆ, ಹೊಟ್ಟೆಯಲ್ಲಿ ದೋಸೆ ಹಿಟ್ಟಿಗೆ ಹಾಕುವ ಮಂಡಕ್ಕಿ. ಆಯುಧಪೂಜೆ ಬಂದರೆ ಹೊಸಬನ ಪ್ಲಗ್ಗು ಯಾರೂ ಕೀಳುವುದಿಲ್ಲ, ದಾಕ್ಷಾಯಿಣಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ಅವನಿಗೆ ಹಾರವುಂಟು, ರಜೆಯಿಲ್ಲ. ನನಗೆ ಹಾರವೂ ಉಂಟು, ವರ್ಷವೆಲ್ಲ ರಜೆಯೂ ಉಂಟು. ತಣ್ಣಗಿರುವ ಕೆಲಸ ಹೋದ ಮೇಲೆ ಮನುಷ್ಯರ ಬಗ್ಗೆ ಸ್ವಲ್ಪ ಬೆಚ್ಚಗೆ ಯೋಚಿಸಲು ಬಿಡುವು ಸಿಕ್ಕಿದೆ. ಒಬ್ಬರ ಮೇಲೊಬ್ಬರಿಗೆ ಇವರಿಗಿರುವ ಪ್ರೀತಿಯಲ್ಲಿ ಅರ್ಧದಷ್ಟು ಬಾಯಿಬಿಟ್ಟು ಹೇಳಿಕೊಂಡಿದ್ದರೆ ಎರಡು ಪೆನ್ನು ಉಳಿಯುತ್ತಿದ್ದವು.

ಹೋದ ವಾರ ಡಾಕ್ಟರ್ ನಸ್ರೀನ್ ಹಾಲಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿ, "ಅಮ್ಮಾ, ವಾರಕ್ಕೊಂದೇ ದೋಸೆ," ಎಂದಿದ್ದಾರೆ. ಹಾಲಮ್ಮ ವಿನಯದಿಂದ ತಲೆಯಾಡಿಸಿದರು. ಮರುದಿನವೇ, ರಾಯರ ಕಾಲದಿಂದ ನನ್ನ ಜೊತೆಗೇ ಬಂದಿದ್ದ ಹಳೆಯ ಬೀಗದ ಕೈ ಹುಡುಕಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ದಿನಾ ಬೆಳಿಗ್ಗೆ ಹೋಟೆಲಿನ ಗದ್ದಲದ ನಡುವೆ ನನ್ನ ಮುಂದೆ ಸೊಂಟ ಬಗ್ಗಿಸಿ, ಬೀಗ ತೆಗೆದು, ಮಂಡಕ್ಕಿಯ ಹಿಂದೆ ಒಂದು ಮುಚ್ಚಿದ ತಟ್ಟೆ ಇಡುತ್ತಾರೆ.

"ಅತ್ತೆ, ಅದರಾಗೆ ಏನಿಟ್ಟೀರಿ?" ಎಂದು ದಾಕ್ಷಾಯಿಣಿ ಕೇಳಿದರೆ, "ಮಂಡಕ್ಕಿ ಕಣೇ," ಎನ್ನುತ್ತಾರೆ.

ನನ್ನನ್ನು ಕೇಳಿದರೆ ನಾನೂ ಮಂಡಕ್ಕಿ ಎಂದೇ ಹೇಳುತ್ತೇನೆ.